ರೈತ ಉತ್ಪಾದಕರ ಕಂಪನಿ: ಷೇರು ಹಣ ಎಷ್ಟು ಚೀಲಕ್ಕೆ ಸಾಲುತ್ತದೆ?

ಕಂಪನಿ ಕಾಯ್ದೆಯ ಪ್ರಕಾರ ಹತ್ತು ಜನ ರೈತರು ಕೂಡಿದರೆ, ಸದಸ್ಯರ ಬೆಳೆ ಕೊಂಡು ಒಟ್ಟಾಗಿ ಮಾರುವ ಉತ್ಪಾದಕರ ಕಂಪನಿ ಕಟ್ಟಬಹುದು. ನಿರ್ದೇಶಕರು 5ರಿಂದ 15. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. 2020ರ ಕೇಂದ್ರ ಯೋಜನೆಯ ನೆರವು ಬೇಕೆಂದರೆ ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು. ಮೂರು ವರ್ಷದ ನಿರ್ವಹಣೆಗೆ 18 ಲಕ್ಷ ರೂ.ವರೆಗೆ ಸಿಗುತ್ತದೆ. ಷೇರು ಹಣಕ್ಕೆ ಸಮನಾಗಿ ಸದಸ್ಯರೊಬ್ಬರಿಗೆ 2,000 ರೂ.ವರೆಗೆ ಅನುದಾನ, ಒಟ್ಟು ಮಿತಿ 15 ಲಕ್ಷ. ಇಷ್ಟು ಬಾಯಿಪಾಠವಾದರೆ ಸಾಕು. ಪೆಟ್ಟು ಬೀಳುವುದು ಮುಂದಿನ ಲೆಕ್ಕದಲ್ಲಿ.

ಧಾರವಾಡ ಜಿಲ್ಲೆಯ ನವಲಗುಂದ ಸೀಮೆಯ ಹೆಸರುಕಾಳಿನ ಬೆಳೆಯನ್ನೇ ತೆಗೆದುಕೊಳ್ಳಿ. 300 ಸದಸ್ಯರು ತಲಾ 2,000 ಕಟ್ಟಿದರೆ 6 ಲಕ್ಷ, ಅನುದಾನ 6 ಲಕ್ಷ, ಒಟ್ಟು 12 ಲಕ್ಷ. ಕ್ವಿಂಟಲ್‌ಗೆ 7,000 ರೂ. ಎಂದು ಹಿಡಿದರೆ ಕೊಳ್ಳಲಾಗುವುದು 171 ಕ್ವಿಂಟಲ್, ಅಂದರೆ ತಲಾ 57 ಕೆ.ಜಿ.! ಹದವಾಗಿ ಮಳೆಯಾದರೆ ಒಂದೇ ಎಕರೆಗೆ ಮೂರು-ನಾಲ್ಕು ಕ್ವಿಂಟಲ್ ಬರುತ್ತದೆ. ದೊಡ್ಡ ಖರೀದಿದಾರ ರೊಕ್ಕ ಕೊಡಲು ಮೂರು ವಾರ ತಡಮಾಡಿದರೆ ಕಂಪನಿಯ ಕೈ ಖಾಲಿ. ಇತ್ತ ರೈತನಿಗೆ ಹಿಂಗಾರಿ ಕಡಲೆ, ಜೋಳದ ಬಿತ್ತನೆ ಎದುರಿಗಿರುತ್ತದೆ. ದಲ್ಲಾಳಿಯ ಅಡತಿ ಅಂಗಡಿಗೆ ಹೋಗುತ್ತಾನೆ. ಸದಸ್ಯರಿಗೆ ನಿಷ್ಠೆಯಿಲ್ಲ ಎಂದು ಸಭೆಯಲ್ಲಿ ಬೈಯುವುದರಲ್ಲಿ ಅರ್ಥವಿಲ್ಲ.

ಇದಕ್ಕೆ ಕಾಯ್ದೆಯಲ್ಲೇ ದಾರಿಯಿದೆ: ಬೆಲೆಯ ಒಂದು ಪಾಲನ್ನು ತಡೆಹಿಡಿದು, ಮಾರಾಟದ ನಂತರ ಕೊಡಬಹುದು. ತೂಕದ ದಿನವೇ 70% ಪಾವತಿಸಿದರೆ ಅದೇ 12 ಲಕ್ಷದಲ್ಲಿ 245 ಕ್ವಿಂಟಲ್ ಬರುತ್ತದೆ. ಉಳಿದ 30% ಯಾವ ತಾರೀಖಿಗೆ ಎಂಬುದನ್ನು ಮಾತ್ರ ತೂಕದ ಚೀಟಿಯಲ್ಲೇ ಬರೆದುಕೊಡಬೇಕು.

ಬೆಂಬಲ ಬೆಲೆ ಖರೀದಿ ಕೇಂದ್ರ ನಡೆಸುವ ಅವಕಾಶ ಸಿಕ್ಕರೆ ಇನ್ನೂ ಹಗುರ: ಮಾಲಿನ ಹಣ ನೇರ ರೈತನ ಖಾತೆಗೆ ಹೋಗುತ್ತದೆ, ಕಂಪನಿಗೆ ಕಮಿಷನ್. ಇಲ್ಲಿ ಎರಡು ಕಡೆ ಎಡವುತ್ತಾರೆ. ಒಂದು, ತೇವಾಂಶ. ಹೆಸರುಕಾಳಿಗೆ ಮಿತಿ 12%, ಆದರೆ ರಾಶಿಯ ಹೊತ್ತಿಗೇ ಮಳೆ ಹಿಡಿಯುತ್ತದೆ. ಚೀಲದ ಬಾಯಿಯ ಕಾಳು ಬೇಗ ಒಣಗಿರುತ್ತದೆ. ಅದನ್ನಷ್ಟೇ ಮೀಟರಿಗೆ ಹಾಕಿದರೆ ಊರಲ್ಲಿ ಪಾಸಾದ ಮಾಲು ಗೋದಾಮಿನಲ್ಲಿ ವಾಪಸಾಗುತ್ತದೆ, ಲಾರಿ ಬಾಡಿಗೆ, ಹಮಾಲಿ ಎರಡೂ ಮೈಮೇಲೆ. ಬಾಯಿ, ನಡು, ತಳ ಮೂರೂ ಕಡೆಯ ಕಾಳು ಬೆರೆಸಿ ನೋಡಬೇಕು. ಎರಡು, ಬೆಳೆ ಸಮೀಕ್ಷೆ. ಹೊಲದಲ್ಲಿ ಹೆಸರುಕಾಳು, ಸಮೀಕ್ಷೆಯ ದಾಖಲೆಯಲ್ಲಿ ಗೋವಿನಜೋಳ ಎಂದಿದ್ದರೆ ಫ್ರೂಟ್ಸ್ ಐಡಿ (ಸರ್ಕಾರ ಕೊಡುವ ರೈತ ನೋಂದಣಿ ಸಂಖ್ಯೆ) ಇದ್ದರೂ ನೋಂದಣಿ ನಿಲ್ಲುತ್ತದೆ. ಈ ದಾಖಲೆ ತೋರಿಸುವ ಬೆಳೆ ದರ್ಶಕ ಆ್ಯಪ್‌ನಲ್ಲಿ ಸದಸ್ಯರೆಲ್ಲರ ಸರ್ವೆ ನಂಬರ್ ತೆಗೆದು ನೋಡಿ, ತಪ್ಪಿದ್ದಲ್ಲಿ ಅವಧಿಯೊಳಗೇ ಆಕ್ಷೇಪಣೆ ಹಾಕಬೇಕು. ಊರಿನ ಇಬ್ಬರು ಓದಿದ ಹುಡುಗರು ಕೂತರೆ ಆಗುವ ಕೆಲಸ. ಸ್ಥಳೀಯ ಬೆಂಬಲ ಎಂದಾಗ ನಮಗೆ ತರಬೇತಿ ಶಿಬಿರವೇ ನೆನಪಾಗುತ್ತದೆ, ಇದು ನೆನಪಾಗುವುದಿಲ್ಲ.

ಗೋದಾಮು ಬೇಕಾದರೆ ಮೊದಲು ಊರಿನ ಸಹಕಾರ ಸಂಘವನ್ನು ಕೇಳಿ. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲೇ ಸಂಘ ಹುಟ್ಟಿದ ಸೀಮೆ ಇದು. ಹಂಗಾಮಿಗೆ ಬಾಡಿಗೆ ಹಿಡಿಯುವುದು ಹೊಸ ಕಟ್ಟಡಕ್ಕಿಂತ ಅಗ್ಗ.

ಗೊಬ್ಬರ-ಬೀಜದ ಅಂಗಡಿ ತೆರೆದರೆ ಪರವಾನಗಿ ಬೇಕು, ಕೀಟನಾಶಕಕ್ಕೆ ನಿಗದಿತ ಓದು ಮುಗಿಸಿದವರೂ ಬೇಕು. ಉದ್ರಿ (ಸಾಲದ ಮಾರಾಟ) ಮಾತ್ರ ಬೇಡ, ನಿರ್ದೇಶಕರಿಗಂತೂ ಬೇಡವೇ ಬೇಡ.