ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾಕ್ಕೆ ಹೋದ ವರ್ಷ: ಯಾವ ಕಡಿತ ಯಾವ ರಾಜ್ಯಕ್ಕೆ?

ವರ್ಷದ ನಡುವೆ ಕೆಲಸ ಬದಲಿಸಿ ನ್ಯೂಯಾರ್ಕ್‌ನಿಂದ ಕ್ಯಾಲಿಫೋರ್ನಿಯಾದ ಬೇ ಏರಿಯಾಕ್ಕೆ ಹೋದ ಕನ್ನಡಿಗರು ತೆರಿಗೆ ಸಮಯದಲ್ಲಿ ಕೇಳುವ ಪ್ರಶ್ನೆ ಒಂದೇ: "ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ. ಡಿಡಕ್ಷನ್ನೂ (ತೆರಿಗೆ ಹಾಕುವ ಮುನ್ನ ಆದಾಯದಿಂದ ಕಳೆಯುವ ಕಡಿತ) ಅರ್ಧ ಅರ್ಧ ತಾನೇ ಸರ್?" ಅಲ್ಲ. ಎರಡೂ ರಾಜ್ಯಗಳು ಲೆಕ್ಕಕ್ಕೆ ಹಿಡಿಯುವುದು ತಿಂಗಳುಗಳನ್ನಲ್ಲ, ಆದಾಯದ ಪಾಲನ್ನು.

ವರ್ಷದ ಒಂದು ಭಾಗ ಮಾತ್ರ ಅಲ್ಲಿದ್ದವರು ತುಂಬುವ ಕ್ಯಾಲಿಫೋರ್ನಿಯಾದ 540ಎನ್‌ಆರ್ ಫಾರಂ ನಿಮ್ಮ ಇಡೀ ವರ್ಷದ ಆದಾಯವನ್ನು ಕೇಳುತ್ತದೆ. ನೋಡಿದವರು ಗಾಬರಿಯಾಗುತ್ತಾರೆ. ನ್ಯೂಯಾರ್ಕ್ ಸಂಬಳಕ್ಕೆ ಅದು ತೆರಿಗೆ ಹಾಕುವುದಿಲ್ಲ; ದರ ಗೊತ್ತುಮಾಡಲು ಮಾತ್ರ ಆ ಮೊತ್ತ ಬೇಕು. ಕಡಿತವೂ ಅದೇ ಅನುಪಾತದಲ್ಲಿ ಸಿಗುತ್ತದೆ. 2024ರಲ್ಲಿ ದಂಪತಿಯ ಜಂಟಿ ರಿಟರ್ನ್‌ಗೆ ಅಲ್ಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚಿನ ಲೆಕ್ಕ ಕೊಡದೆ ಸಿಗುವ ನಿಗದಿತ ಕಡಿತ) 11,080 ಡಾಲರ್. ಒಟ್ಟು ಆದಾಯದಲ್ಲಿ ಕ್ಯಾಲಿಫೋರ್ನಿಯಾದ ಪಾಲು ಶೇ. 40 ಇದ್ದರೆ ನಿಮಗೆ ದಕ್ಕುವುದು 4,432. ನ್ಯೂಯಾರ್ಕ್‌ನ ಐಟಿ-203 ಫಾರಂ ಮೊದಲು ಪೂರ್ತಿ ವರ್ಷ ಅಲ್ಲೇ ಇದ್ದವರಂತೆ ತೆರಿಗೆ ಲೆಕ್ಕ ಹಾಕಿ, ಆಮೇಲೆ ಆ ರಾಜ್ಯದ ಆದಾಯದ ಪಾಲಿಗೆ ಇಳಿಸುತ್ತದೆ.

ಹಾಗಾಗಿ ಆ ಪಾಲು ಸರಿಯಾಗಿರಬೇಕು. ತೊಡಕು ಬರುವುದು ಇಲ್ಲೇ. ಅದೇ ಕಂಪನಿಯಲ್ಲಿದ್ದು ಊರು ಮಾತ್ರ ಬದಲಿಸಿದ್ದರೆ, ವರ್ಷದ ಸಂಬಳ, ತೆರಿಗೆ ತೋರಿಸಿ ಕಂಪನಿ ಕೊಡುವ ಡಬ್ಲ್ಯೂ-2 ಪತ್ರದ 16ನೇ ಬಾಕ್ಸ್‌ನಲ್ಲಿ ನ್ಯೂಯಾರ್ಕ್ ಹೆಸರಿನ ಎದುರು ಇಡೀ ವರ್ಷದ ಸಂಬಳ ಕಾಣುತ್ತದೆ. ಆ ರಾಜ್ಯದ ನಿಯಮವೇ ಹಾಗೆ. ಅದನ್ನೇ ನಕಲು ಮಾಡಿದರೆ ಎರಡೂ ಕಡೆ ತೆರಿಗೆ ಬೀಳುತ್ತದೆ. ಹೊರಡುವ ಮುನ್ನ ಬಂದ ಕೊನೆಯ ಪೇ ಸ್ಟಬ್ (ಸಂಬಳದ ಚೀಟಿ) ಇಟ್ಟುಕೊಳ್ಳಿ. ಆ ತನಕದ ಸಂಬಳ ಎಷ್ಟೆಂದು ತೋರಿಸಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಸಾಮಾನು ಸಾಗಿಸಿದ ಖರ್ಚನ್ನು ಬಹಳ ಜನ ಸುಮ್ಮನೆ ಬಿಟ್ಟುಬಿಡುತ್ತಾರೆ. ಫೆಡರಲ್ ರಿಟರ್ನ್‌ನಲ್ಲಿ 2018ರಿಂದ ಸೈನಿಕರ ಹೊರತು ಹೆಚ್ಚುಕಡಿಮೆ ಯಾರಿಗೂ ಅದು ಇಲ್ಲ, ನಿಜ. ಆದರೆ ಕೆಲಸಕ್ಕಾಗಿ ಬಂದವರಿಗೆ ಕ್ಯಾಲಿಫೋರ್ನಿಯಾ ಇನ್ನೂ ಕೊಡುತ್ತದೆ, ಅದರ ತೆರಿಗೆ ಇಲಾಖೆಯ ಎಫ್‌ಟಿಬಿ 3913 ಫಾರಂ ಮೂಲಕ. ಟ್ರಕ್ಕಿನ ಬಿಲ್, ಪ್ರಯಾಣ, ದಾರಿಯಲ್ಲಿ ತಂಗಿದ ಖರ್ಚು ಸೇರುತ್ತವೆ. ಊಟ ಸೇರುವುದಿಲ್ಲ, ಕಂಪನಿ ಕೊಟ್ಟ ಹಣವೂ ಸೇರುವುದಿಲ್ಲ.

ಫೆಡರಲ್‌ನಲ್ಲಿ ಸ್ಟ್ಯಾಂಡರ್ಡ್ ತೆಗೆದುಕೊಂಡರೂ ಈ ಎರಡು ರಾಜ್ಯಗಳಲ್ಲಿ ಬೇರೆ ದಾರಿ ಹಿಡಿದು ಖರ್ಚುಗಳನ್ನು ಒಂದೊಂದಾಗಿ ಪಟ್ಟಿ ಮಾಡಿ ಕಳೆಯಬಹುದು. ಮನೆ ಕೊಂಡವರು ಇದನ್ನು ನೋಡಲೇಬೇಕು: ಕ್ಯಾಲಿಫೋರ್ನಿಯಾದಲ್ಲಿ ಆಸ್ತಿ ತೆರಿಗೆಗೆ ಫೆಡರಲ್ ಮಿತಿ ಅನ್ವಯಿಸದು, ಬಡ್ಡಿಗೆ 10 ಲಕ್ಷ ಡಾಲರ್ ತನಕದ ಸಾಲ ಲೆಕ್ಕಕ್ಕೆ ಬರುತ್ತದೆ. ದಾನ ಸೇರಿಸುವಾಗ ಅಮೆರಿಕದಲ್ಲಿ ನೋಂದಾಯಿತ ದೇವಸ್ಥಾನದ ರಸೀದಿ ನಡೆಯುತ್ತದೆ. ಊರಿನ ಗುಡಿಗೆ ನೇರ ಕಳಿಸಿದ್ದು ನಡೆಯುವುದಿಲ್ಲ.

ಎಚ್‌ಎಸ್‌ಎ (ವೈದ್ಯಕೀಯ ಖರ್ಚಿಗೆ ಉಳಿಸುವ) ಖಾತೆಯ ತೆರಿಗೆ ವಿನಾಯಿತಿಯನ್ನು ಕ್ಯಾಲಿಫೋರ್ನಿಯಾ ಒಪ್ಪುವುದಿಲ್ಲ, ಹೋದ ಮೇಲೆ ಹಾಕಿದ ಹಣ ಅಲ್ಲಿ ಆದಾಯವೇ. ಮಕ್ಕಳ ಓದಿಗೆಂದು ನ್ಯೂಯಾರ್ಕ್‌ನ 529 ಯೋಜನೆಯಲ್ಲಿ ಹಣ ಇಟ್ಟಿದ್ದರೆ ಅಲ್ಲೇ ಇರಲಿ. ಕ್ಯಾಲಿಫೋರ್ನಿಯಾ ಅದಕ್ಕೆ ಕಡಿತ ಕೊಡುವುದಿಲ್ಲ. ಖಾತೆಯನ್ನು ಬೇರೆ ರಾಜ್ಯದ ಯೋಜನೆಗೆ ವರ್ಗಾಯಿಸಿದರೆ ಹಿಂದೆ ಪಡೆದ ಕಡಿತವನ್ನು ನ್ಯೂಯಾರ್ಕ್ ವಾಪಸು ಕೇಳಬಹುದು.