ಕಾಪಿಯನ್ನೇ ಕೊಡದಿದ್ದರೆ ಲೈಸೆನ್ಸ್ ಏನು ಮಾಡೀತು?

2006ರ ಆಗಸ್ಟ್ 23 ಮತ್ತು 24. ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಎರಡು ದಿನ ಒಂದು ಲೈಸೆನ್ಸ್ ಬಗ್ಗೆ ಸಮ್ಮೇಳನ ನಡೆಯಿತು. ಜಿಪಿಎಲ್ ಎಂಬ ಸಾಫ್ಟ್‌ವೇರ್ ಲೈಸೆನ್ಸ್‌ನ ಮೂರನೇ ಆವೃತ್ತಿಯ ಕರಡನ್ನು ಚರ್ಚಿಸಲು ಜಗತ್ತಿನ ಬೇರೆ ಬೇರೆ ಕಡೆ ಸಮ್ಮೇಳನಗಳು ನಡೆಯುತ್ತಿದ್ದವು. ಅಮೆರಿಕದ ಎಂಐಟಿ, ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ, ಸ್ಪೇನ್‌ನ ಬಾರ್ಸಿಲೋನ ಆದಮೇಲೆ ನಾಲ್ಕನೆಯದು ನಮ್ಮ ಬೆಂಗಳೂರಿನಲ್ಲಿ. ಜಿಪಿಎಲ್ ಬರೆದ ರಿಚರ್ಡ್ ಸ್ಟಾಲ್‌ಮನ್ ಬಂದಿದ್ದರು. ಹೊಸ ಆವೃತ್ತಿಗೆ ಕಾನೂನಿನ ರೂಪ ಕೊಡುತ್ತಿದ್ದ ವಕೀಲ ಎಬೆನ್ ಮೊಗ್ಲೆನ್ ಕೂಡ ಬಂದಿದ್ದರು.

ಅದೇ ವಾರ ಅಮೆಜಾನ್ ಇಸಿ2 ಎಂಬ ಸೇವೆಯನ್ನು ಪ್ರಯೋಗಕ್ಕೆ ಬಿಟ್ಟಿತು. ಕಂಪ್ಯೂಟರನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಸೇವೆ. ಇವತ್ತು ನಾವು ಕ್ಲೌಡ್ ಅನ್ನುವುದರ ದೊಡ್ಡ ಪಾಲು ಅಲ್ಲಿಂದ ಬೆಳೆದದ್ದು.

ಈ ಎರಡೂ ಒಂದೇ ವಾರದಲ್ಲಿ ನಡೆದದ್ದು ಕಾಕತಾಳೀಯ. ಆದರೆ ನನಗೆ ಅದು ಮತ್ತೆ ಮತ್ತೆ ನೆನಪಾಗುತ್ತದೆ. ಇಲ್ಲಿ ಚರ್ಚೆಯಾಗುತ್ತಿದ್ದ ಲೈಸೆನ್ಸ್ ಯಾವ ನೆಲದ ಮೇಲೆ ನಿಂತಿತ್ತೋ, ಆ ನೆಲವನ್ನೇ ಕ್ಲೌಡ್ ಮುಂದೆ ಸಡಿಲ ಮಾಡಿತು.

ಜಿಪಿಎಲ್ ಹುಟ್ಟಿದ ಕತೆಯಲ್ಲಿ ಒಂದು ಪ್ರಿಂಟರ್ ಇದೆ. 1980ರ ಹೊತ್ತಿಗೆ ಎಂಐಟಿಯ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಹಳೆಯ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟಿಗೆ ಕಾಯುತ್ತಿದ್ದವರ ಪರದೆಗೆ ಸುದ್ದಿ ಹೋಗುವಂತೆ ಸ್ಟಾಲ್‌ಮನ್ ಕೋಡ್ ಸೇರಿಸಿದ್ದರು. ಹೊಸದಕ್ಕೆ ಸೇರಿಸಲು ಆಗಲಿಲ್ಲ, ಅದರ ಸೋರ್ಸ್ ಕೋಡ್, ಅಂದರೆ ಮನುಷ್ಯರು ಓದಿ ಬದಲಿಸಬಹುದಾದ ಮೂಲ ಬರಹ, ಬಂದಿರಲಿಲ್ಲ. ಕೋಡ್ ಇದ್ದ ಇನ್ನೊಂದು ವಿಶ್ವವಿದ್ಯಾಲಯದವರನ್ನು ಕೇಳಿದರೆ, ಯಾರಿಗೂ ಕೊಡುವುದಿಲ್ಲ ಎಂದು ಸಹಿ ಹಾಕಿದ್ದೇವೆ ಅಂದರು. 1983ರಲ್ಲಿ ಸ್ಟಾಲ್‌ಮನ್, ಎಲ್ಲರೂ ನೋಡಿ ಬದಲಿಸಬಹುದಾದ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1989ರಲ್ಲಿ ಜಿಪಿಎಲ್‌ನ ಮೊದಲ ಆವೃತ್ತಿ, 1991ರಲ್ಲಿ ಎರಡನೆಯದು ಬಂತು. ಮರುವರ್ಷ ಲಿನಕ್ಸ್ ಎಂಬ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಅದೇ ಲೈಸೆನ್ಸ್‌ಗೆ ಬಂದಮೇಲೆ ಜಿಪಿಎಲ್ ಮನೆಮಾತಾಯಿತು.

ಅದರ ಒಪ್ಪಂದ ಸರಳ. ಈ ಸಾಫ್ಟ್‌ವೇರನ್ನು ನೀವು ಬಳಸಬಹುದು, ಬಿಚ್ಚಿ ನೋಡಬಹುದು, ಬದಲಿಸಬಹುದು, ಹಂಚಬಹುದು. ಆದರೆ ಇನ್ನೊಬ್ಬರಿಗೆ ಕೊಡುವಾಗ ಸೋರ್ಸ್ ಕೋಡನ್ನೂ ಇದೇ ಹಕ್ಕುಗಳನ್ನೂ ಜೊತೆಗೇ ಕೊಡಬೇಕು. ಇದಕ್ಕೆ ಕಾಪಿಲೆಫ್ಟ್ ಅನ್ನುತ್ತಾರೆ. ಇಲ್ಲಿ ಗಮನಿಸಬೇಕಾದದ್ದು 'ಕೊಡುವಾಗ' ಎಂಬ ಒಂದು ಪದ. ಕಾಪಿ ಕೈ ಬದಲಾದ ಕ್ಷಣದಲ್ಲಿ ಷರತ್ತು ಜೀವ ಪಡೆಯುತ್ತದೆ. ಅಲ್ಲಿಯವರೆಗೆ ನಿಮ್ಮ ಮನೆಯೊಳಗೆ ನೀವು ಏನು ಬೇಕಾದರೂ ಬದಲಿಸಿಕೊಳ್ಳಿ, ಯಾರೂ ಕೇಳುವ ಹಾಗಿಲ್ಲ.

ಸಾಫ್ಟ್‌ವೇರ್ ಅಂದರೆ ಫ್ಲಾಪಿ, ಸೀಡಿ, ಡೌನ್‌ಲೋಡ್ ಆಗಿದ್ದ ಕಾಲಕ್ಕೆ ಇದು ಸಾಕಾಗಿತ್ತು. ಕಾಪಿ ಕೊಡದೆ ಸಾಫ್ಟ್‌ವೇರ್ ಮಾರುವುದು ಹೇಗೆ?

ಮನೆಯಲ್ಲಿ ಬೀಸುವ ಕಲ್ಲು ಇದ್ದ ದಿನಗಳನ್ನು ನೆನೆಸಿಕೊಳ್ಳಿ. ಕಲ್ಲು ಸವೆದರೆ ಉಳಿ ಹಿಡಿದವರನ್ನು ಕರೆದು ಕುಟ್ಟಿಸಬಹುದು. ಪಕ್ಕದ ಮನೆಯವರಿಗೆ ಬೀಸಿಕೊಳ್ಳಲು ಬಿಡಬಹುದು. ಆಮೇಲೆ ಬಡಾವಣೆಗೊಂದು ಹಿಟ್ಟಿನ ಮಿಲ್ ಬಂತು. ರಾಗಿ ಕೊಟ್ಟರೆ ಹಿಟ್ಟು ಬರುತ್ತದೆ. ಕೆಲಸ ಹಗುರ, ಅನುಮಾನವೇ ಇಲ್ಲ. ಆದರೆ ಯಂತ್ರ ಅವರದು. ಒಳಗೆ ಏನಿದೆ, ನಿಮ್ಮ ರಾಗಿಯ ಜೊತೆ ಇನ್ನೇನು ಬೆರೆಯುತ್ತಿದೆ ಎಂದು ನೋಡುವ ಹಕ್ಕು ನಿಮಗಿಲ್ಲ. ಕ್ಲೌಡ್ ಸೇವೆ ಇಂಥ ಮಿಲ್. ಒಂದೇ ವ್ಯತ್ಯಾಸ: ಮಿಲ್‌ನಿಂದ ಹಿಟ್ಟನ್ನು ಮನೆಗೆ ತರುತ್ತೀರಿ. ಕ್ಲೌಡ್‌ನಲ್ಲಿ ಸಾಮಾನ್ಯವಾಗಿ ಹಿಟ್ಟೂ ಅಲ್ಲೇ ಉಳಿಯುತ್ತದೆ.

ಮಿಲ್ ನಡೆಸುವವರು ಜಿಪಿಎಲ್ ಸಾಫ್ಟ್‌ವೇರನ್ನು ತಂದು, ತಮಗೆ ಬೇಕಾದಂತೆ ಬದಲಿಸಿ, ಸರ್ವರಿನಲ್ಲಿ ಓಡಿಸಿ ಲಕ್ಷಾಂತರ ಜನರಿಗೆ ಸೇವೆ ಕೊಡಬಹುದು. ಕಾಪಿ ಯಾರ ಕೈಗೂ ಹೋಗಿಲ್ಲ. ಹಾಗಾಗಿ ಕೋಡ್ ಕೊಡಬೇಕಾಗಿಲ್ಲ. ಇದು ಕಳ್ಳತನವೂ ಅಲ್ಲ, ಮೋಸವೂ ಅಲ್ಲ. ಲೈಸೆನ್ಸ್ ಬರೆದಾಗ ಯಾರೂ ಊಹಿಸದೆ ಬಿಟ್ಟ ಜಾಗ ಅದು.

ಈ ಜಾಗವನ್ನು ಮೊದಲು ಮುಚ್ಚಲು ಹೊರಟದ್ದು ಅಫೆರೊ ಎಂಬ ಸಣ್ಣ ಕಂಪನಿ. ಅದರ ಹೆನ್ರಿ ಪೂಲ್ ಮತ್ತು ಸ್ಟಾಲ್‌ಮನ್ ಅವರ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನವರು ಸೇರಿ 2002ರಲ್ಲಿ ಅಫೆರೊ ಜಿಪಿಎಲ್ ತಂದರು. ನೆಟ್‌ವರ್ಕ್ ಮೂಲಕ ಬಳಸುವವರಿಗೂ ಸೋರ್ಸ್ ಕೋಡ್ ಸಿಗಬೇಕು ಎಂಬುದು ಅದರ ಆಶಯ. ಬೆಂಗಳೂರಿನಲ್ಲಿ ಸಮ್ಮೇಳನ ನಡೆದಾಗ ಕರಡಿನಲ್ಲಿ ಒಂದು ದಾರಿ ಇತ್ತು. ಬೇಕಾದವರು ತಮ್ಮ ಪ್ರೋಗ್ರಾಮಿಗೆ ಈ ಅಫೆರೊ ಷರತ್ತನ್ನು ಸೇರಿಸಿಕೊಳ್ಳಬಹುದಿತ್ತು. ಕೊನೆಗೆ ಅದು ಉಳಿಯಲಿಲ್ಲ. 2007ರ ಜೂನ್‌ನಲ್ಲಿ ಬಂದ ಜಿಪಿಎಲ್ ಮೂರರಲ್ಲಿ ಒಂದು ಸಣ್ಣ ವಾಕ್ಯವಿದೆ. ಅದರ ಅರ್ಥ ಇಷ್ಟು: ಕಾಪಿ ಕೈ ಬದಲಾಗದೆ ನೆಟ್‌ವರ್ಕ್ ಮೂಲಕ ಬಳಕೆದಾರರ ಜೊತೆ ಬರೀ ವ್ಯವಹರಿಸಿದರೆ ಅದು ಹಂಚಿಕೆ ಆಗುವುದಿಲ್ಲ. ಅಂದರೆ, ಹಳೆಯ ಖಾಲಿ ಜಾಗವನ್ನು ಈ ಸಲ ಗೊತ್ತಿದ್ದೇ ಬಿಟ್ಟರು. ಅಫೆರೊ ಷರತ್ತು ಅದೇ ವರ್ಷ ನವೆಂಬರ್‌ನಲ್ಲಿ ಎಜಿಪಿಎಲ್ ಎಂಬ ಬೇರೆ ಲೈಸೆನ್ಸ್ ಆಗಿ ಬಂತು.

ಇದು ತಪ್ಪು ನಿರ್ಧಾರ ಎಂದು ನನಗೆ ಬಹಳ ದಿನ ಅನ್ನಿಸಿತ್ತು. ಈಗಲೂ ಪೂರ್ತಿ ಬಿಟ್ಟಿಲ್ಲ. ಮುಖ್ಯ ಲೈಸೆನ್ಸ್‌ನಲ್ಲೇ ಆ ಷರತ್ತು ಇದ್ದಿದ್ದರೆ ಅದು ಎಲ್ಲರಿಗೂ ಸಹಜ ನಿಯಮ ಆಗುತ್ತಿತ್ತು. ಬೇರೆ ಮಾಡಿದ್ದರಿಂದ ಎಜಿಪಿಎಲ್ ಅಂದರೆ ವಿಶೇಷ, ಅಪಾಯ ಎಂಬ ಹೆಸರು ಬಂತು. ಗೂಗಲ್ ತನ್ನ ಉದ್ಯೋಗಿಗಳಿಗೆ ಎಜಿಪಿಎಲ್ ಕೋಡ್ ಬಳಸಬೇಡಿ ಎಂದೇ ಬರೆದಿಟ್ಟಿದೆ. ಔಟರ್ ರಿಂಗ್ ರೋಡಿನ ಎಷ್ಟೋ ಕಚೇರಿಗಳಲ್ಲೂ ಇದೇ ಭಯ ಕಂಡಿದ್ದೇನೆ. ಲೈಸೆನ್ಸ್ ಪಟ್ಟಿಯಲ್ಲಿ ಆ ನಾಲ್ಕು ಅಕ್ಷರ ಕಂಡ ಕೂಡಲೇ ಓದದೆಯೇ ಕೆಂಪು ಬಣ್ಣ ಹಚ್ಚುತ್ತಾರೆ.

ಎಜಿಪಿಎಲ್ ಕೆಲಸ ಮಾಡಿದ್ದಕ್ಕೆ ಉದಾಹರಣೆ ಇದೆ. ಮಾಸ್ಟಡಾನ್ ಗೊತ್ತಲ್ವಾ? 2019ರ ನವೆಂಬರ್‌ನಲ್ಲಿ ನಮ್ಮ ದೇಶದ ಸಾವಿರಾರು ಜನ ಟ್ವಿಟರ್ ಮೇಲೆ ಬೇಸರಗೊಂಡು ಅಲ್ಲಿಗೆ ಹೋದರಲ್ಲ, ಅದೇ ಸಾಮಾಜಿಕ ಜಾಲತಾಣ. ಅದು ಎಜಿಪಿಎಲ್‌ನಲ್ಲಿದೆ. ಅದರ ಪುಟದ ತಳದಲ್ಲಿ ಸೋರ್ಸ್ ಕೋಡ್ ನೋಡಿ ಎಂಬ ಸಣ್ಣ ಕೊಂಡಿ ಇರುತ್ತದೆ. ಒತ್ತಿದರೆ ಆ ಸರ್ವರ್ ಓಡಿಸುವ ಪ್ರೋಗ್ರಾಮಿನ ಕೋಡ್ ಸಿಗುತ್ತದೆ. 2021ರ ಅಕ್ಟೋಬರ್‌ನಲ್ಲಿ ಡೊನಾಲ್ಡ್ ಟ್ರಂಪ್ ಅವರ ಕಂಪನಿಯ ಟ್ರೂತ್ ಸೋಷಿಯಲ್ ಪ್ರಯೋಗಕ್ಕೆ ಬಂದಾಗ ಅದು ಮಾಸ್ಟಡಾನ್ ಕೋಡಿನ ಮೇಲೆ ನಿಂತಿದೆ ಎಂದು ಜನ ಕಂಡುಹಿಡಿದರು. ಆದರೆ ಸೋರ್ಸ್ ಕೊಡುವ ಕೊಂಡಿ ಇರಲಿಲ್ಲ. ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ ಲೈಸೆನ್ಸ್‌ನಲ್ಲಿರುವ 30 ದಿನಗಳ ಗಡುವನ್ನು ನೆನಪಿಸಿತು. ನವೆಂಬರ್‌ನಲ್ಲಿ ಕೋಡಿನ ಜಿಪ್ ಫೈಲ್ ಆ ತಾಣದಲ್ಲಿ ಕಾಣಿಸಿಕೊಂಡಿತು. ಕೋರ್ಟಿಗೆ ಹೋಗಬೇಕಾಗಲಿಲ್ಲ.

ಇಲ್ಲಿಯವರೆಗಿನ ಕತೆ ಬಳಕೆದಾರರ ಸ್ವಾತಂತ್ರ್ಯದ್ದು. 2018ರಿಂದ ಕತೆ ಬೇರೆಯಾಯಿತು.

ಆ ವರ್ಷ ಅಕ್ಟೋಬರ್‌ನಲ್ಲಿ ಮೊಂಗೋಡಿಬಿ ಎಂಬ ಡೇಟಾಬೇಸ್ ಕಂಪನಿ ಎಜಿಪಿಎಲ್ ಬಿಟ್ಟು ಎಸ್‌ಎಸ್‌ಪಿಎಲ್ ಎಂಬ ತನ್ನದೇ ಲೈಸೆನ್ಸ್‌ಗೆ ಹೋಯಿತು. ನಮ್ಮ ಡೇಟಾಬೇಸನ್ನು ಸೇವೆಯಾಗಿ ಮಾರುವವರು ಡೇಟಾಬೇಸ್ ಕೋಡ್ ಮಾತ್ರವಲ್ಲ, ಆ ಸೇವೆ ನಡೆಸುವ ಎಲ್ಲ ಸಾಫ್ಟ್‌ವೇರಿನ ಕೋಡನ್ನೂ ಕೊಡಬೇಕು ಎಂಬುದು ಅದರ ಷರತ್ತು. ನಿರ್ವಹಣೆ, ಬ್ಯಾಕಪ್, ನಿಗಾ ಇಡುವ ಪ್ರೋಗ್ರಾಂ, ಎಲ್ಲವೂ. ಮೇಲ್ನೋಟಕ್ಕೆ ಇನ್ನೂ ಗಟ್ಟಿಯಾದ ಕಾಪಿಲೆಫ್ಟ್‌ನಂತೆ ಕಾಣುತ್ತದೆ. ನಿಜದಲ್ಲಿ ಯಾವ ಕ್ಲೌಡ್ ಕಂಪನಿಯೂ ಪಾಲಿಸಲಾಗದ ಷರತ್ತು ಅದು. ಪಾಲಿಸಲಿ ಎಂದು ಅದನ್ನು ಬರೆದಿರಲಿಲ್ಲ, ಸೇವೆ ಮಾರಲು ಯಾರೂ ಬರಬಾರದು ಎಂದೇ ಬರೆದದ್ದು ಎಂಬುದು ನನ್ನ ಅಭಿಪ್ರಾಯ. ಯಾವ ಲೈಸೆನ್ಸ್ ಓಪನ್ ಸೋರ್ಸ್ ಎಂದು ಗುರುತಿಸುವ ಓಪನ್ ಸೋರ್ಸ್ ಇನಿಶಿಯೇಟಿವ್ ಸಂಸ್ಥೆಯ ಒಪ್ಪಿಗೆಗೆ ಕಳಿಸಿದ ಅರ್ಜಿಯನ್ನು ಕಂಪನಿಯೇ 2019ರ ಮಾರ್ಚ್‌ನಲ್ಲಿ ವಾಪಸ್ ಪಡೆಯಿತು. ಎಸ್‌ಎಸ್‌ಪಿಎಲ್ ಓಪನ್ ಸೋರ್ಸ್ ಅಲ್ಲ ಎಂದು ಆ ಸಂಸ್ಥೆ 2021ರಲ್ಲಿ ನೇರವಾಗಿ ಹೇಳಿತು. ಅಷ್ಟರಲ್ಲಿ ಅಮೆಜಾನ್ ಡಾಕ್ಯುಮೆಂಟ್‌ಡಿಬಿ ತಂದಾಗಿತ್ತು. ಮೊಂಗೋಡಿಬಿಯ ಭಾಷೆಯನ್ನೇ ಮಾತಾಡುವ ಬೇರೆ ಡೇಟಾಬೇಸ್. ಲೈಸೆನ್ಸ್ ಕೋಡನ್ನು ಕಾಯಬಹುದು, ಕೋಡಿನ ಜೊತೆ ಮಾತಾಡುವ ರೀತಿಯನ್ನು ಕಾಯಲಾರದು.

ಆಮೇಲೆ ಸಾಲು ಸಾಲು. 2021ರ ಜನವರಿಯಲ್ಲಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ಸಾಫ್ಟ್‌ವೇರ್ ಲೈಸೆನ್ಸ್ ಬದಲಿಸಿತು, ಅಮೆಜಾನ್ ಓಪನ್‌ಸರ್ಚ್ ಎಂಬ ಫೋರ್ಕ್ (ಹಳೆಯ ಮುಕ್ತ ಕೋಡಿನಿಂದ ಕವಲೊಡೆದ ಬೇರೆ ಯೋಜನೆ) ಮಾಡಿತು. 2023ರ ಆಗಸ್ಟ್‌ನಲ್ಲಿ ಹ್ಯಾಶಿಕಾರ್ಪ್ ಕಂಪನಿ ಕ್ಲೌಡ್ ಯಂತ್ರಗಳನ್ನು ಸಜ್ಜುಗೊಳಿಸುವ ತನ್ನ ಟೆರಾಫಾರ್ಮನ್ನು, ಪೈಪೋಟಿಯ ಸೇವೆ ಕೊಡುವುದನ್ನು ತಡೆಯುವ ಬಿಸಿನೆಸ್ ಸೋರ್ಸ್ ಲೈಸೆನ್ಸ್‌ಗೆ ಒಯ್ದಿತು, ಮರುತಿಂಗಳೇ ಲಿನಕ್ಸ್ ಫೌಂಡೇಶನ್ ಅಡಿ ಅದರ ಫೋರ್ಕ್ ಓಪನ್‌ಟೋಫು ಬಂತು. ಹ್ಯಾಶಿಕಾರ್ಪನ್ನು ಐಬಿಎಂ 640 ಕೋಟಿ ಡಾಲರ್‌ಗೆ ಕೊಂಡಿತು. 2024ರ ಮಾರ್ಚ್ 20ರಂದು ರೆಡಿಸ್ ಎಂಬ ಡೇಟಾಬೇಸ್ ಕೂಡ ಲೈಸೆನ್ಸ್ ಬದಲಿಸಿತು. 2018ರಲ್ಲಿ ತನ್ನ ಕೆಲವು ಮಾಡ್ಯೂಲ್‌ಗಳ ಲೈಸೆನ್ಸ್ ಬದಲಿಸಿದಾಗ, ಮುಖ್ಯ ರೆಡಿಸ್ ಬಿಎಸ್‌ಡಿ ಎಂಬ ಸಡಿಲ ಮುಕ್ತ ಲೈಸೆನ್ಸ್‌ನಲ್ಲೇ ಇರುತ್ತದೆ ಎಂದು ಇದೇ ಕಂಪನಿ ಹೇಳಿತ್ತು. ಎಂಟು ದಿನದಲ್ಲಿ ವಾಲ್ಕಿ ಎಂಬ ಫೋರ್ಕ್ ಶುರುವಾಯಿತು.

ಆ ದಿನಗಳಲ್ಲಿ ನಾನು ಕೆಲಸ ಮಾಡುತ್ತಿದ್ದ ಕಡೆ ಏನಾಯಿತು ಹೇಳುತ್ತೇನೆ. ಯಾವ ಸಾಫ್ಟ್‌ವೇರಿನ ಯಾವ ಆವೃತ್ತಿ ತರಬೇಕು ಎಂದು ಹೇಳುವ ನಮ್ಮ ಡಾಕರ್ ಫೈಲಿನಲ್ಲಿ ರೆಡಿಸ್‌ನ ಹೆಸರಿನ ಮುಂದೆ 'ಲೇಟೆಸ್ಟ್' ಎಂದಿತ್ತು. ಯಾರೋ ವರ್ಷಗಳ ಹಿಂದೆ ಸುಮ್ನೆ ಬರೆದದ್ದು. ಮೊದಲು ಅದನ್ನು 7.2 ಎಂದು ಕಟ್ಟಿಹಾಕಿದೆವು, ಹಳೆಯ ಲೈಸೆನ್ಸ್‌ನ ಕೊನೆಯ ಸಾಲು ಅದೇ. ಆಮೇಲೆ ವಾಲ್ಕಿ ಎಂದು ಬದಲಿಸಿದೆವು. ಬದಲಾದದ್ದು ಒಂದೇ ಒಂದು ಸಾಲು. ಆದರೆ ಅದಕ್ಕೆ ಮೂರು ವಾರ ಬೇಕಾಯಿತು. ಪ್ರತಿ ಗ್ರಾಹಕ ಕಂಪನಿಯೂ ಪತ್ರ ಬರೆದು ನಿಮ್ಮಲ್ಲಿ ಯಾವ ಆವೃತ್ತಿ ಇದೆ ಎಂದು ಕೇಳಿತು. ಉತ್ತರ ಬರೆಯುವಾಗ ಒಂದು ವಿಷಯ ಹೊಳೆಯಿತು. ಇಷ್ಟೆಲ್ಲ ಗದ್ದಲದಲ್ಲಿ ನಮ್ಮ ಆ್ಯಪ್ ಬಳಸುವ ಸಾಮಾನ್ಯ ಮನುಷ್ಯನ ಸ್ವಾತಂತ್ರ್ಯದ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ.

ಕಂಪನಿಗಳ ನೋವು ಸುಳ್ಳಲ್ಲ. ವರ್ಷಗಟ್ಟಲೆ ಸಂಬಳ ಕೊಟ್ಟು ಬರೆಸಿದ ಕೋಡನ್ನು ಹತ್ತು ಪಟ್ಟು ದೊಡ್ಡ ಕಂಪನಿ ತಂದು ಮಾರಿದರೆ ಹೊಟ್ಟೆ ಉರಿಯುತ್ತದೆ. ಆದರೆ ಲೈಸೆನ್ಸ್ ಬದಲಿಸಲು ಅವರಿಗೆ ಸಾಧ್ಯವಾದದ್ದು ಹೇಗೆ? ಮೊಂಗೋಡಿಬಿ, ಹ್ಯಾಶಿಕಾರ್ಪ್‌ನಂಥ ಕಂಪನಿಗಳು ಹೊರಗಿನವರ ಕೋಡ್ ತೆಗೆದುಕೊಳ್ಳುವಾಗಲೇ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದವು. ಸಿಎಲ್‌ಎ ಅನ್ನುತ್ತಾರೆ. ನಿಮ್ಮ ಕೋಡನ್ನು ಮುಂದೆ ಬೇರೆ ಲೈಸೆನ್ಸ್ ಅಡಿ ಹೊರತರುವ ಹಕ್ಕನ್ನು ಅದು ಕಂಪನಿಗೆ ಕೊಡುತ್ತದೆ. ಲಿನಕ್ಸ್ ಕರ್ನಲ್‌ನಲ್ಲಿ ಇದು ಇಲ್ಲ. ಅಲ್ಲಿ ಸಾವಿರಾರು ಜನರ ಹಕ್ಕು ಹಂಚಿಹೋಗಿದೆ, ಎಲ್ಲರನ್ನೂ ಒಪ್ಪಿಸದೆ ಲೈಸೆನ್ಸ್ ಬದಲಿಸುವುದು ಆಗದ ಮಾತು. ಹುಡುಗರು ಕಾಲೇಜಿನಲ್ಲಿದ್ದಾಗಲೇ ಮೊದಲ ಪ್ಯಾಚ್ (ಕೋಡಿಗೆ ತಿದ್ದುಪಡಿ) ಕಳಿಸುವ ಹುಮ್ಮಸ್ಸಿನಲ್ಲಿ ಈ ಒಪ್ಪಂದಕ್ಕೆ ಓದದೆ ಒಪ್ಪಿಗೆ ಒತ್ತುತ್ತಾರೆ. ನಾನೂ ಒತ್ತಿದ್ದೆ. ಓದಿ ಒತ್ತಿ ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ.

ಗಾಳಿ ಸ್ವಲ್ಪ ತಿರುಗಿದ್ದೂ ಇದೆ. 2024ರ ಆಗಸ್ಟ್‌ನಲ್ಲಿ ಎಲಾಸ್ಟಿಕ್‌ಸರ್ಚ್, 2025ರ ಮೇನಲ್ಲಿ ರೆಡಿಸ್ ತಮ್ಮ ಲೈಸೆನ್ಸ್‌ಗಳ ಪಟ್ಟಿಗೆ ಎಜಿಪಿಎಲ್ ಸೇರಿಸಿದವು. ಹದಿನೇಳು ವರ್ಷ ಎಲ್ಲರೂ ಹೆದರಿದ ಲೈಸೆನ್ಸ್‌ಗೇ ಬಂದರು. ಬೆಂಗಳೂರಿನಲ್ಲೂ ಹೆದರದವರಿದ್ದಾರೆ. ಷೇರು ದಲ್ಲಾಳಿ ಕಂಪನಿ ಜೆರೋಧಾದ ತಂತ್ರಜ್ಞಾನ ಮುಖ್ಯಸ್ಥ ಕೈಲಾಶ್ ನಾಧ್ ಬರೆದ, ಒಟ್ಟಿಗೆ ಅನೇಕರಿಗೆ ಇಮೇಲ್ ಕಳಿಸುವ ಲಿಸ್ಟ್‌ಮಾಂಕ್ ಎಜಿಪಿಎಲ್‌ನಲ್ಲಿದೆ. ಅದೇ ಕಂಪನಿ 2024ರ ಅಕ್ಟೋಬರ್‌ನಲ್ಲಿ ಇಂಥ ಯೋಜನೆಗಳಿಗೆ ವರ್ಷಕ್ಕೆ 10 ಲಕ್ಷ ಡಾಲರ್ ಕೊಡುವ ನಿಧಿ ಘೋಷಿಸಿತು. ಹಣದ ಪ್ರಶ್ನೆಗೆ ಹಣದಿಂದಲೇ ಉತ್ತರ ಕೊಡುವುದು ಲೈಸೆನ್ಸ್ ತಿರುಚುವುದಕ್ಕಿಂತ ನೇರವಾದ ದಾರಿ.

ಇನ್ನು ನಾವು ಕೋಡ್ ಬರೆಯುವ ಜಾಗವೇ ಕ್ಲೌಡ್‌ಗೆ ಹೋಗಿದೆ. ಇದು ನನ್ನನ್ನು ಜಾಸ್ತಿ ಕಾಡುವ ವಿಷಯ. ಮೈಕ್ರೋಸಾಫ್ಟ್‌ನ ವಿಎಸ್ ಕೋಡ್ ಎಂಬ ಎಡಿಟರಿನ (ಕೋಡ್ ಬರೆಯುವ ಪ್ರೋಗ್ರಾಂ) ಸೋರ್ಸ್ ಕೋಡ್ 2015ರಿಂದ ಎಂಐಟಿ ಎಂಬ ಸಡಿಲ ಮುಕ್ತ ಲೈಸೆನ್ಸ್‌ನಲ್ಲಿದೆ. ಆದರೆ ನಾವು ಡೌನ್‌ಲೋಡ್ ಮಾಡುವ ಸಿದ್ಧ ಪ್ರೋಗ್ರಾಮಿಗೆ ಬೇರೆ ಲೈಸೆನ್ಸ್. ದೂರದ ಸರ್ವರಿಗೆ ಜೋಡಿಸುವ ಎಕ್ಸ್‌ಟೆನ್ಶನ್ (ಎಡಿಟರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಪ್ರೋಗ್ರಾಂ) ಮುಕ್ತವಲ್ಲ. ಎಕ್ಸ್‌ಟೆನ್ಶನ್‌ಗಳ ಅಂಗಡಿಯನ್ನು ಅವರ ಉತ್ಪನ್ನಗಳ ಜೊತೆ ಮಾತ್ರ ಬಳಸಬೇಕು. 2025ರ ಏಪ್ರಿಲ್‌ನಲ್ಲಿ ಅವರ ಸಿ++ ಎಕ್ಸ್‌ಟೆನ್ಶನ್ ಬೇರೆ ಫೋರ್ಕ್‌ಗಳಲ್ಲಿ ಓಡುವುದನ್ನು ನಿಲ್ಲಿಸಿತು. ಕಲ್ಲು ಮುಕ್ತ, ಆದರೆ ಅದರ ಹಿಡಿ ಅವರ ಕೈಯಲ್ಲಿದೆ.

ಹೆಸರು ಬೇಡ, ಒಂದು ಕ್ಲೌಡ್ ಎಡಿಟರ್ ಸೇವೆಯನ್ನು ನಮ್ಮ ತಂಡ ವರ್ಷಕ್ಕಿಂತ ಹೆಚ್ಚು ಬಳಸಿತ್ತು. ಒಂದು ಸೋಮವಾರ ಇಮೇಲ್ ಬಂತು, ಯೋಜನೆ ನಿಲ್ಲಿಸುತ್ತಿದ್ದೇವೆ ಎಂದು. ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಗಿಟ್‌ನಲ್ಲಿ ನಮ್ಮ ಕೋಡ್ ಇತ್ತು, ಅದೇನೂ ಹೋಗಲಿಲ್ಲ. ಹೋದದ್ದು ಅದರ ಸುತ್ತ ಕಟ್ಟಿಕೊಂಡಿದ್ದೆಲ್ಲ: ಹೊಸಬರು ಮೊದಲ ದಿನವೇ ಕೆಲಸ ಶುರು ಮಾಡಲು ಮಾಡಿಟ್ಟ ವ್ಯವಸ್ಥೆ, ಕನ್ನಡ ಪಠ್ಯ ಪರೀಕ್ಷಿಸಲು ಜೋಡಿಸಿದ್ದ ಫಾಂಟುಗಳು, ಸಣ್ಣಪುಟ್ಟ ಸ್ಕ್ರಿಪ್ಟುಗಳು. ಆ ಸೇವೆಯನ್ನು ನಾವೇ ಓಡಿಸಿಕೊಳ್ಳಲು ದಾರಿ ಇರಲಿಲ್ಲ.

ಈಗ ಕಚೇರಿಯ ಮೂಲೆಯ ಒಂದು ಹಳೆಯ ಯಂತ್ರದಲ್ಲಿ ಕೋಡ್-ಸರ್ವರ್ ಓಡುತ್ತಿದೆ. ಬ್ರೌಸರಿನಲ್ಲಿ ತೆರೆಯುವ ಅದೇ ಎಡಿಟರ್, ಎಂಐಟಿ ಲೈಸೆನ್ಸ್. ಎಕ್ಸ್‌ಟೆನ್ಶನ್‌ಗಳನ್ನು ಎಕ್ಲಿಪ್ಸ್ ಫೌಂಡೇಶನ್ ನಡೆಸುವ ಓಪನ್ ವಿಎಸ್‌ಎಕ್ಸ್‌ನಿಂದ ತರುತ್ತೇವೆ. ನಮಗೆ ಬೇಕಾದವುಗಳಲ್ಲಿ ಎರಡು ಅಲ್ಲಿ ಸಿಗಲಿಲ್ಲ. ಒಂದಕ್ಕೆ ಬದಲಿ ಸಿಕ್ಕಿದೆ. ಇನ್ನೊಂದನ್ನು ತಂಡದ ಹುಡುಗಿಯೊಬ್ಬಳು ಬರೆಯುತ್ತಿದ್ದಾಳೆ. ಯಾವ ಲೈಸೆನ್ಸ್ ಹಾಕಲಿ ಎಂದು ಮೊನ್ನೆ ಕೇಳಿದಳು. ನೆಟ್‌ವರ್ಕ್ ಮೂಲಕ ಬಳಸುವವರಿಗೂ ಕೋಡ್ ಸಿಗಬೇಕು ಎನ್ನುವ ಎಜಿಪಿಎಲ್‌ನ ಹದಿಮೂರನೇ ಕಲಮನ್ನು ಇಬ್ಬರೂ ಕೂತು ಓದಿದೆವು.