ಮೂರು ಸೈಟು, ಒಂದೇ ಕ್ರೇನು: ರಿಸೋರ್ಸ್ ಪೂಲ್ ಅಧ್ಯಾಯದ ಟಿಪ್ಪಣಿ

ಕೆಲಸಗಳ ವೇಳಾಪಟ್ಟಿ ಹಾಕುವ ಸಾಫ್ಟ್‌ವೇರ್ ಮೈಕ್ರೋಸಾಫ್ಟ್ ಪ್ರಾಜೆಕ್ಟ್‌ನಲ್ಲಿ, ಒಂದೇ ಜನ-ಯಂತ್ರಗಳನ್ನು ಹಲವು ಪ್ರಾಜೆಕ್ಟುಗಳು ಹಂಚಿಕೊಳ್ಳುವ ಈ ಅಧ್ಯಾಯ ನನಗೆ ಹಿಡಿಯಲು ಹೊತ್ತಾಯಿತು. ಕೊನೆಗೆ ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಹಾಕಿಕೊಂಡಾಗಲೇ ಬಿಡಿಸಿದಂತಾದದ್ದು. ಅದನ್ನೇ ಇಲ್ಲಿ ಇಡುತ್ತೇನೆ.

ಒಬ್ಬ ಗುತ್ತಿಗೆದಾರರ ಕೈಯಲ್ಲಿ ಆಸ್ಪತ್ರೆ, ಶಾಲೆ, ಗೋದಾಮು ಎಂದು ಮೂರು ಕೆಲಸ ಇವೆ ಅಂದುಕೊಳ್ಳಿ. ಕ್ರೇನು ಮಾತ್ರ ಒಂದೇ. ಆಸ್ಪತ್ರೆಗೆ ಅದು ಸೋಮವಾರದಿಂದ ಬುಧವಾರದವರೆಗೆ ಬೇಕು, ಶಾಲೆಗೆ ಮಂಗಳವಾರದಿಂದ ಶುಕ್ರವಾರದವರೆಗೆ, ಗೋದಾಮಿಗೆ ಗುರುವಾರ ಮತ್ತು ಶುಕ್ರವಾರ. ಕೂಡಿದರೆ 9 ದಿನದ ಕೆಲಸ, ವಾರದಲ್ಲಿರುವುದು 5 ದಿನ. ಆದರೂ ಮೂರು ಫೈಲುಗಳನ್ನು ಬಿಡಿಬಿಡಿಯಾಗಿ ತೆರೆದರೆ ಎಲ್ಲೂ ಹೊರೆ ಮೀರಿತೆಂದು ಹೇಳುವ ಕೆಂಪು ಅಕ್ಷರ ಕಾಣದು. ಪ್ರತಿ ಫೈಲೂ ಕ್ರೇನು ಪೂರ್ತಿ ತನ್ನದೇ ಎಂದುಕೊಂಡಿರುತ್ತದೆ.

ಇದಕ್ಕೇ ಪೂಲ್ ಫೈಲ್. ಅದರಲ್ಲಿ ಕೆಲಸಗಳಿರುವುದಿಲ್ಲ, ಜನ ಮತ್ತು ಯಂತ್ರಗಳ ಪಟ್ಟಿ ಮಾತ್ರ. ಮೊದಲು ಪೂಲ್ ಫೈಲನ್ನು ತೆರೆದಿಟ್ಟು, ಆಮೇಲೆ ಒಂದೊಂದು ಪ್ರಾಜೆಕ್ಟ್ ಫೈಲಿಗೆ ಹೋಗಿ ರಿಸೋರ್ಸ್ ಟ್ಯಾಬ್‌ನಲ್ಲಿ ರಿಸೋರ್ಸ್ ಪೂಲ್, ಅದರೊಳಗೆ ಶೇರ್ ರಿಸೋರ್ಸಸ್ ಒತ್ತಬೇಕು. ಪೂಲ್ ತೆರೆದಿರದಿದ್ದರೆ ಅಲ್ಲಿನ ಪಟ್ಟಿಯಲ್ಲಿ ಅದರ ಹೆಸರೇ ಬರುವುದಿಲ್ಲ. ಎರಡರಲ್ಲೂ ಇರುವ ವಿವರ ಬೇರೆಯಾದರೆ ಯಾರ ಮಾತು ನಡೆಯಬೇಕು ಎಂದೂ ಅಲ್ಲೇ ಕೇಳುತ್ತದೆ. ಪೂಲ್‌ನದೇ ನಡೆಯಲಿ ಎಂದು ಆರಿಸಿ.

ಹೆಸರಿನ ವಿಷಯದಲ್ಲಿ ಎಚ್ಚರ ಬೇಕು. ಒಂದು ಫೈಲಿನಲ್ಲಿ 'ಕ್ರೇನ್', ಇನ್ನೊಂದರಲ್ಲಿ 'ಕ್ರೇನ್ 1' ಎಂದಿದ್ದರೆ ಪೂಲ್‌ನಲ್ಲಿ ಎರಡು ಕ್ರೇನು ಹುಟ್ಟಿಕೊಳ್ಳುತ್ತವೆ. ಆಗ ಒಂದೇ ದಿನಕ್ಕೆ ಎರಡು ಕೆಲಸ ಡಿಕ್ಕಿಯಾದರೂ ಕಾಣುವುದಿಲ್ಲ. ನನ್ನ ಮೊದಲ ಅಭ್ಯಾಸ ಕೆಟ್ಟದ್ದು ಇದರಿಂದಲೇ.

ಮೂರನ್ನೂ ಜೋಡಿಸಿದ ಮೇಲೆ ರಿಸೋರ್ಸ್ ಯೂಸೇಜ್ ನೋಟದಲ್ಲಿ ಕ್ರೇನಿನ ಸಾಲು ಕೆಂಪಾಗುತ್ತದೆ. ಸೋಮವಾರ 8 ಗಂಟೆ, ಮಂಗಳವಾರದಿಂದ ಶುಕ್ರವಾರದವರೆಗೆ ದಿನಕ್ಕೆ 16 ಗಂಟೆ. ಪೂಲ್ ಮಾಡುವ ಕೆಲಸ ಇಷ್ಟೇ, ತೋರಿಸುವುದು. ಯಾರು ಕಾಯಬೇಕು ಎಂಬುದನ್ನು ನಾವೇ ಹೇಳಬೇಕು.

ಹೇಳುವ ಜಾಗ ಪ್ರಯಾರಿಟಿ. ಪ್ರಾಜೆಕ್ಟ್ ಇನ್‌ಫರ್ಮೇಶನ್‌ನಲ್ಲಿ 0ಯಿಂದ 1000ದವರೆಗೆ ಅಂಕಿ ಕೊಡಬಹುದು. ನಾವು ಮುಟ್ಟದಿದ್ದರೆ 500. ದೊಡ್ಡ ಅಂಕಿ ಇದ್ದವರಿಗೆ ಮೊದಲ ಹಕ್ಕು, 1000 ಕೊಟ್ಟದ್ದನ್ನು ಲೆವೆಲಿಂಗ್, ಅಂದರೆ ಡಿಕ್ಕಿಯಾದ ಕೆಲಸಗಳನ್ನು ಸಾಫ್ಟ್‌ವೇರೇ ಮುಂದಕ್ಕೆ ಹಾಕಿ ಹೊಂದಿಸುವುದು, ಅಲುಗಿಸುವುದೇ ಇಲ್ಲ. ಪೂಲ್ ಫೈಲ್ ತೆರೆಯುವಾಗ ಬರುವ ಮೂರನೆಯ ಆಯ್ಕೆ ತೆಗೆದುಕೊಂಡರೆ ಎಲ್ಲ ಫೈಲುಗಳನ್ನೂ ಸೇರಿಸಿದ ಮಾಸ್ಟರ್ ಫೈಲ್ ಸಿದ್ಧವಾಗುತ್ತದೆ. ಲೆವೆಲಿಂಗನ್ನು ಅಲ್ಲೇ ಮಾಡುವುದು ಲೇಸು, ಮೂರೂ ಕಣ್ಣೆದುರು ಇರುತ್ತವೆ.

ಆಸ್ಪತ್ರೆಗೆ 800, ಶಾಲೆಗೆ 600, ಗೋದಾಮಿಗೆ 400 ಕೊಟ್ಟು, ಕೆಲಸಗಳನ್ನು ತುಂಡು ಮಾಡದಂತೆ ಇಟ್ಟು ಕೈಯಲ್ಲೇ ಲೆಕ್ಕ ಹಾಕಿ. ಆಸ್ಪತ್ರೆ ಬುಧವಾರ ಮುಗಿಯುತ್ತದೆ. ಶಾಲೆ ಗುರುವಾರ ಶುರುವಾಗಿ ಮುಂದಿನ ಮಂಗಳವಾರಕ್ಕೆ, ಗೋದಾಮು ಅದರ ಮಾರನೆಯ ದಿನ ಹಿಡಿದು ಗುರುವಾರಕ್ಕೆ ಮುಗಿಯುತ್ತವೆ. ಈಗ ಶಾಲೆ, ಗೋದಾಮಿನ ಅಂಕಿಗಳನ್ನಷ್ಟೇ ಅದಲುಬದಲು ಮಾಡಿ. ಗೋದಾಮು ಒಂದು ದಿನವೂ ತಡವಾಗದೆ ಆ ಶುಕ್ರವಾರವೇ ಮುಗಿಯುತ್ತದೆ, ಶಾಲೆ ಮುಂದಿನ ಗುರುವಾರಕ್ಕೆ ಹೋಗುತ್ತದೆ. ಕ್ರೇನು ಬಿಡುವಾಗುವ ದಿನ ಎರಡರಲ್ಲೂ ಒಂದೇ, ತಡದ ಹೊರೆ ಮಾತ್ರ ಇಬ್ಬರ ನಡುವೆ ಕೈ ಬದಲಾಯಿತು. ಶಾಲೆ ತೆರೆಯುವ ದಿನ ಗೊತ್ತಾಗಿದೆಯೇ, ಗೋದಾಮಿನ ಕರಾರಿನಲ್ಲಿ ದಂಡ ಇದೆಯೇ ಎಂಬುದು ಸಾಫ್ಟ್‌ವೇರಿಗೆ ತಿಳಿಯದು. ಅದಕ್ಕೇ ಲೆವೆಲ್ ಆಲ್ ಒತ್ತುವ ಮೊದಲು ಮೂರೂ ಸೈಟಿನವರನ್ನು ಕೂರಿಸಿ ಅಂಕಿ ಒಪ್ಪಿಸಿಕೊಳ್ಳಬೇಕು. ಎಲ್ಲರಿಗೂ 500 ಬಿಟ್ಟು ಒತ್ತಿದರೆ ಯಾರೂ ಮಾಡದ ತೀರ್ಮಾನವೊಂದು ಪ್ಲಾನಿನೊಳಗೆ ಸೇರಿಕೊಳ್ಳುತ್ತದೆ. ಇಷ್ಟವಾಗದಿದ್ದರೆ ಕ್ಲಿಯರ್ ಲೆವೆಲಿಂಗ್ ಇದೆ.

ಕ್ಯಾಲೆಂಡರನ್ನೂ ನೋಡಿ. ತಾನಾಗಿ ಬರುವುದು ಸೋಮವಾರದಿಂದ ಶುಕ್ರವಾರ. ಕ್ರೇನು ಶನಿವಾರವೂ ದುಡಿಯುವುದಾದರೆ ಅದರ ಕ್ಯಾಲೆಂಡರನ್ನು ಪೂಲ್‌ನಲ್ಲಿ ತಿದ್ದಿ. ಮೇಲಿನ ಲೆಕ್ಕದಲ್ಲಿ ಗುರುವಾರದ ಮುಕ್ತಾಯ ಬುಧವಾರಕ್ಕೆ ಬರುತ್ತದೆ. ತಿದ್ದಲು ಪೂಲನ್ನು ರೀಡ್-ರೈಟ್ ಆಗಿ ತೆರೆಯಬೇಕು, ಆ ಹೊತ್ತಿನಲ್ಲಿ ಬೇರೆಯವರು ಅದಕ್ಕೆ ಬರೆಯಲಾರರು. ಬೇಗ ಮುಗಿಸಿ ಮುಚ್ಚಿ.

ಇಂಥದೇ ಇನ್ನೊಂದು ಸಾಫ್ಟ್‌ವೇರ್ ಪ್ರಿಮವೆರಾ ಪಿ6 ಕೂಡ ಓದುವವರಿಗೆ ಒಂದು ಮಾತು. ಅಲ್ಲಿ ರಿಸೋರ್ಸುಗಳು ಇಡೀ ಡೇಟಾಬೇಸಿಗೆ ಸೇರಿದವು, ಹಾಗಾಗಿ ಪ್ರತ್ಯೇಕ ಪೂಲ್ ಫೈಲಿನ ಗೊಡವೆ ಇಲ್ಲ. ಆದರೆ ಪ್ರಾಜೆಕ್ಟಿನ ಲೆವೆಲಿಂಗ್ ಪ್ರಯಾರಿಟಿ 1ರಿಂದ 100ರವರೆಗೆ, ಮತ್ತು 1 ಎಲ್ಲಕ್ಕಿಂತ ಮೇಲು. ಇಲ್ಲಿ ದೊಡ್ಡ ಅಂಕಿಗೆ ಮಣೆ, ಅಲ್ಲಿ ಚಿಕ್ಕದಕ್ಕೆ.